ಅಪ್‌ಡೇಟ್: ಕ್ರಾಕೋವ್‌ನಲ್ಲಿ ಗೈಡ್ ಸಿಕ್ಕರು

ಪೋಲೆಂಡಿನ ಕ್ರಾಕೋವ್‌ನಲ್ಲಿ ಯಹೂದಿ ಪರಂಪರೆಯ ತಾಣಗಳನ್ನು ತೋರಿಸುವ ಸ್ಥಳೀಯ ಗೈಡ್ ಹುಡುಕುವುದು ಹೇಗೆ ಎಂದು ಕೇಳಿದ್ದೆ. ಹೋಗಿ ಬಂದಾಯಿತು.

ನಗರದ ಮುಖ್ಯ ಚೌಕದಲ್ಲಿ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಬ್ಯಾಟರಿ ಗಾಡಿಗಳವರು ಧ್ವನಿಮುದ್ರಣ ಹಾಕಿ ಗಡಿಬಿಡಿಯಲ್ಲಿ ಸುತ್ತಿಸುತ್ತಾರೆ, ನನಗದು ಒಗ್ಗಲಿಲ್ಲ. 2014ರಿಂದ ಅಲ್ಲಿ ನಗರದ ಗೈಡ್‌ಗಳಿಗೆ ಪರವಾನಗಿ ಕಡ್ಡಾಯವಲ್ಲ, ಹಾಗಾಗಿ ಕೊರಳಿನ ಬಿಲ್ಲೆ ನೋಡಿ ನಂಬುವಂತಿಲ್ಲ. ಹಳೆಯ ಯಹೂದಿ ಬಡಾವಣೆಯಾದ ಕಜಿಮಿಯೆಜ್‌ನ ಗಲಿಷಿಯಾ ಯಹೂದಿ ಮ್ಯೂಸಿಯಂನಲ್ಲಿ ವಿಚಾರಿಸಿದ್ದರಿಂದ ಕೆಲಸವಾಯಿತು.

ಸಿಕ್ಕಿದ ಗೈಡ್ ಅಲ್ಲಿನ ಹಳೆಯ ಯಹೂದಿ ಸ್ಮಶಾನವಾದ ರೆಮೂವಿನ ಗೋಡೆಯ ಮುಂದೆಯೇ ಬಹಳ ಹೊತ್ತು ನಿಲ್ಲಿಸಿದರು. ಒಡೆದ ಸಮಾಧಿ ಕಲ್ಲುಗಳ ಚೂರುಗಳನ್ನೇ ಜೋಡಿಸಿ ಕಟ್ಟಿದ ಗೋಡೆ ಅದು. ಆಶೀರ್ವದಿಸುವ ಜೋಡಿ ಕೈ ಕೆತ್ತಿದ್ದರೆ ಪುರೋಹಿತ ವಂಶದವರು, ಹೂಜಿ ಇದ್ದರೆ ಪುರೋಹಿತರಿಗೆ ನೆರವಾಗುತ್ತಿದ್ದ ಲೇವಿ ವಂಶದವರು ಎಂದು ಬೆರಳಿಟ್ಟು ಓದಿಸಿದರು. ಇಂಥವರಿಗೆ ಕೇಳಿದಷ್ಟು ಕೊಡಬಹುದು!

ವಿಸ್ತುಲಾ ನದಿಯಾಚೆಯ ಪೊಡ್‌ಗೂಜೆಗೂ ಕರೆದೊಯ್ಯುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. 1941ರಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ ಘೆಟ್ಟೊ ಇದ್ದದ್ದು ಅಲ್ಲಿ. ಖಾಲಿ ಕುರ್ಚಿಗಳ ಸ್ಮಾರಕವಿರುವ ಚೌಕದಲ್ಲೇ ತಾದೆಯುಷ್ ಪಾಂಕಿಯೆವಿಚ್ ಅವರ ಔಷಧದಂಗಡಿಯಿದೆ, ಈಗ ಮ್ಯೂಸಿಯಂ. ಯಹೂದಿಯಲ್ಲದ ಅವರು ಘೆಟ್ಟೊದೊಳಗೇ ಅಂಗಡಿ ನಡೆಸುತ್ತ ಒಳಗಿನವರಿಗೆ ನೆರವಾದವರು.

ಶನಿವಾರ ಸಬ್ಬತ್, ಅಂದರೆ ಯಹೂದಿಗಳ ವಿಶ್ರಾಂತಿ ದಿನ; ಸ್ಮಶಾನದ ಪಕ್ಕದ ರೆಮೂ ಸಿನಗಾಗ್ (ಪ್ರಾರ್ಥನಾ ಮಂದಿರ) ಪ್ರವಾಸಿಗರಿಗೆ ತೆರೆದಿರುವುದಿಲ್ಲ. ನಾಜಿಗಳ ಸಾವಿನ ಶಿಬಿರವಾಗಿದ್ದ, ಈಗ ಸ್ಮಾರಕವಾಗಿರುವ ಆಶ್‌ವಿಟ್ಸ್‌ಗೆ ಮಾತ್ರ ಈ ಗೈಡ್ ಸಾಲದು. ಅಲ್ಲಿ ಗುಂಪುಗಳಿಗೆ ವಿವರಿಸುವವರು ಸ್ಮಾರಕದವರೇ, ಅವರ ಜಾಲತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಿ.