ಮೈದಾನದ ಆಚೆ ತುದಿಯಲ್ಲಿ ಆಡುವ ಮಗಳ ಫೋಟೊ ತೆಗೆಯಲು ಯಾವ ಕ್ಯಾಮೆರಾ? ಬಜೆಟ್ 35 ಸಾವಿರ

ಕುಶಾಲನಗರದ ಅಮ್ಮ
ಮಗಳಿಗೆ 14 ವರ್ಷ. ಶಾಲೆಯ ಹಾಕಿ ತಂಡದಲ್ಲಿ ಲೆಫ್ಟ್ ಹಾಫ್. ನಮ್ಮನ್ನು ಗೆರೆಯ ಹತ್ತಿರ ಬಿಡುವುದಿಲ್ಲ, ಮೆಟ್ಟಿಲ ಮೇಲೆ ಕೂರಬೇಕು. ಮೊಬೈಲಿನಲ್ಲಿ ಜೂಮ್ ಮಾಡಿದರೆ ಹನ್ನೊಂದು ಇರುವೆ ಕಾಣುತ್ತವೆ, ಅದರಲ್ಲಿ ನಮ್ಮ ಇರುವೆ ಯಾವುದು ಅಂತ ನನಗೇ ಗೊತ್ತಾಗುವುದಿಲ್ಲ. ಮ್ಯಾಚ್ ಎಲ್ಲ ಹಗಲಲ್ಲೇ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಭಾರ ಮಾತ್ರ ಕಡಿಮೆ ಇರಬೇಕು, ನನ್ನ ಬಲಗೈ ಮಣಿಕಟ್ಟು ಒಮ್ಮೆ ಮುರಿದಿದೆ. ಅನುಭವ ಇದ್ದವರು ಹೇಳಿ.

ನೈಟ್ ಮ್ಯಾಚ್ ಹಾಸನ
ಅಕ್ಕಾ, ಕ್ಯಾಮೆರಾ ಆಮೇಲೆ, ಮೊದಲು ಲೆನ್ಸ್ ಕೂರುತ್ತದಾ ನೋಡಿಕೊಳ್ಳಿ. ನನ್ನ ಕಥೆ ಕೇಳಿ. ನಮ್ಮೂರಲ್ಲಿ ಟೆನಿಸ್ ಬಾಲ್ ಟೂರ್ನಮೆಂಟ್, ರಾತ್ರಿ ಎಂಟಕ್ಕೆ ಶುರುವಾದರೆ ಬೆಳಗಿನ ಜಾವ ಫೈನಲ್. ನನ್ನ ಹತ್ತಿರ ನಿಕಾನ್ ಡಿ3100 ಇತ್ತು, ಭಾವ ಕೊಟ್ಟಿದ್ದು, ಪುಕ್ಕಟೆ. ಖುಷಿಯಲ್ಲಿ ದೂರದ್ದನ್ನು ಹತ್ತಿರ ಎಳೆಯುವ 70-300 ಎಂಎಂ ಎಎಫ್-ಪಿ (ಹೊಸ ಬಗೆಯ ಫೋಕಸ್ ಮೋಟಾರಿನ) ಲೆನ್ಸ್ ಸೆಕೆಂಡ್ ಹ್ಯಾಂಡಲ್ಲಿ 9,500ಕ್ಕೆ ತಂದೆ. ಅದಕ್ಕೆ ಬೆಂಗಳೂರಿಗೆ ಹೋಗಿಬರುವ ಬಸ್ಸು 620, ಊಟ ತಿಂಡಿ 240, ಫಿಲ್ಟರ್ ಅಂತ ಅಂಗಡಿಯವನು ತಲೆಗೆ ಕಟ್ಟಿದ್ದು 700. ಮನೆಗೆ ಬಂದು ಹಾಕಿದರೆ ಫೋಕಸ್ಸೇ ಆಗುವುದಿಲ್ಲ! ಸರಿ, ಕೈಯಲ್ಲಾದರೂ ತಿರುಗಿಸೋಣ ಅಂದರೆ ಅದೂ ಇಲ್ಲ. ಆ ಲೆನ್ಸಿನಲ್ಲಿ ಉಂಗುರ ತಿರುಗಿಸಿದರೂ ಒಳಗೆ ಗಾಜು ಸರಿಸುವುದು ಮೋಟಾರೇ, ಆ ಮೋಟಾರಿಗೆ ಡಿ3100 ಮಾತು ಅರ್ಥವಾಗುವುದಿಲ್ಲ. ಡಿ3400, ಡಿ5600, ಡಿ7500 ಇದ್ದವರಿಗೆ ಇದೇ ಲೆನ್ಸ್ ಚೆನ್ನಾಗಿ ಕೆಲಸ ಮಾಡುತ್ತದೆ. ನಾನು ಓದಿಕೊಳ್ಳದೆ ಹೋದೆ, ತಪ್ಪು ನನ್ನದೇ. ಆದರೆ ಮಾರಿದ ಪುಣ್ಯಾತ್ಮನಿಗೆ "ಡಿ3100ಗೆ ಆಗುತ್ತಾ" ಅಂತ ಎರಡು ಸಲ ಕೇಳಿದ್ದೆ. "ಎಲ್ಲಾದಕ್ಕೂ ಆಗತ್ತೆ ಬಾಸ್" ಅಂದ. ವಾಪಸ್ ಕೇಳಿದರೆ ಫೋನೇ ಎತ್ತಲಿಲ್ಲ.

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ಇನ್ನೊಬ್ಬರ ಮಾತು ಕೇಳಿ ಹಳೇ 80-200 ಎಎಫ್-ಡಿ ಲೆನ್ಸ್ ನೋಡಲು ಹೋದೆ. ಅದಕ್ಕೆ ಕ್ಯಾಮೆರಾ ಒಳಗೇ ಮೋಟಾರ್ ಬೇಕಂತೆ, ಡಿ3100ರಲ್ಲಿ ಅದೂ ಇಲ್ಲ. ಈ ಸಲ ಅಂಗಡಿಯಲ್ಲೇ ಹಾಕಿ ನೋಡಿದ್ದಕ್ಕೆ ಬಚಾವಾದೆ.

ಶಿರಸಿ ಮಾವ
ಲೆನ್ಸ್ ಬದಲಾಯಿಸುವ ಕ್ಯಾಮೆರಾ ತಗೊಂಡರೆ ಹೀಗೇ ಆಗುವುದು. ನಾನು ಎಂಟು ವರ್ಷದಿಂದ ಪ್ಯಾನಾಸಾನಿಕ್ ಎಫ್‌ಝಡ್300 ಇಟ್ಟುಕೊಂಡಿದ್ದೇನೆ. ಸೆಕೆಂಡ್ ಹ್ಯಾಂಡ್ 21 ಸಾವಿರ. 25ರಿಂದ 600 ಎಂಎಂವರೆಗೆ ಜೂಮ್, ಅದೂ ಕೊನೆಯವರೆಗೆ ಎಫ್ 2.8, ಅಂದರೆ ಬೆಳಕು ಧಾರಾಳ ಒಳಗೆ ಬರುತ್ತದೆ. ಒಟ್ಟು ತೂಕ 700 ಗ್ರಾಂ ಇಲ್ಲ. ವಾಲಿಬಾಲ್ ಸ್ಮ್ಯಾಶ್ ಹೊಡೆಯುವಾಗ ಮುಖದ ನರ ಎದ್ದಿದ್ದು ಕಾಣುತ್ತದೆ. ನಮ್ಮ ಕಡೆಯ ಎಲ್ಲ ಟೂರ್ನಮೆಂಟಿನ ಬ್ಯಾನರಿನಲ್ಲೂ ನನ್ನದೇ ಫೋಟೊ. ದುಡ್ಡು ಮಾತ್ರ ಯಾರೂ ಕೊಟ್ಟಿಲ್ಲ, ಒಂದು ಸಲ ಶಾಲು ಹೊದಿಸಿದರು.

ಕರೆ ಬದಿಯವ
ಮಾವನವರೇ, ಬೆಳಗ್ಗೆ ಹತ್ತು ಗಂಟೆ ಬಿಸಿಲಲ್ಲಿ ಯಾವುದರಲ್ಲೂ ನರ ಕಾಣುತ್ತದೆ. ಸಂಜೆ ಆರಕ್ಕೆ ತೆಗೆದದ್ದು ಒಂದು ಹಾಕಿ ನೋಡುವ. ಉಗುರಿನಷ್ಟು ಸೆನ್ಸಾರ್, ಬೆಳಕು ಸಾಲದೆ ಐಎಸ್‌ಒ (ಸೆನ್ಸಾರಿನ ಸೂಕ್ಷ್ಮತೆ) 800 ದಾಟಿಸಿದರೆ ಫೋಟೊ ಎಲ್ಲ ಕಾಳು ಕಾಳು, ರವೆ ಉಪ್ಪಿಟ್ಟು. ಕಂಪನಿ ಯಾವುದಾದರೂ ಅಷ್ಟೇ.

ನಾನು ಹದಿನೈದು ವರ್ಷದಿಂದ ಕಂಬಳ ತೆಗೆಯುತ್ತಿದ್ದೇನೆ. ಹಗಲು ಶುರುವಾದರೆ ಮರುದಿನ ಬೆಳಕು ಹರಿಯುವವರೆಗೆ. ನೇಗಿಲು ಹಿರಿಯ ವಿಭಾಗದ ಫೈನಲ್ ಬರುವುದು ಫ್ಲಡ್‌ಲೈಟಿನಲ್ಲೇ. ಕೋಣ ಮಂಜೊಟ್ಟಿ (ಓಟ ಮುಗಿಯುವ ತುದಿ) ಕಡೆಗೆ ಬರುವಾಗ 1/1000 ಸೆಕೆಂಡಿಗಿಂತ ಕೆಳಗೆ ಇಳಿದರೆ ಕಾಲು ಮಸುಕು, ಕೆಸರು ಮಸುಕು. ಕ್ಯಾನನ್ 7ಡಿ ಮಾರ್ಕ್ 2 ತಗೊಂಡೆ, ಸೆಕೆಂಡಿಗೆ ಹತ್ತು ಫೋಟೊ, ಲೈಟು ಮಿಣುಕಿದರೆ ಅದಕ್ಕೆ ಹೊಂದಿಸಿ ಕ್ಲಿಕ್ ಮಾಡುವ ವ್ಯವಸ್ಥೆಯೂ ಇದೆ. ಅದರ ಮೇಲೆ 70-200 ಎಫ್ 2.8, ಐಎಸ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಇಲ್ಲದ್ದು. ಬಾಡಿ 38 ಸಾವಿರ, ಲೆನ್ಸ್ 46 ಸಾವಿರ. ಕನೆಹಲಗೆಯಲ್ಲಿ (ಹಲಗೆ ಮೇಲೆ ನಿಂತು ಕೋಣ ಓಡಿಸಿ ನೀರು ಚಿಮ್ಮಿಸುವ ಸ್ಪರ್ಧೆ) ನೀರು ಏಳೂವರೆ ಕೋಲು ಎತ್ತರದ ನಿಶಾನೆಗೆ ಚಿಮ್ಮಿದ್ದು ಸಿಕ್ಕಿತಲ್ಲ, ಆ ದಿನ ಲೆನ್ಸಿನ ದುಡ್ಡು ವಸೂಲಾಯಿತು ಮಾರಾಯ್ರೆ.

ಆಮೇಲೆ ಬಂತು ಮಳೆಗಾಲ. ಜೂನ್‌ನಲ್ಲಿ ಬ್ಯಾಗಿನಲ್ಲಿ ಇಟ್ಟದ್ದು, ತೆಗೆದದ್ದು ಚೌತಿಗೆ. ಲೆನ್ಸ್ ಒಳಗೆ ಜೇಡರ ಬಲೆ ತರಹ ಬೂಸ್ಟು. ಬಿಚ್ಚಿ ತೊಳೆಯಲು 4,800. ಮರುವರ್ಷ ಪುನಃ ಬಂತು, ಪುನಃ 4,800, ಜೊತೆಗೆ ಒಂದು ಸ್ಕ್ರೂ ಕಳೆದುಕೊಂಡೇ ಕೊಟ್ಟರು. ಈಗ ಅಕ್ಕಿ ಡಬ್ಬದಂಥ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ 250 ರೂಪಾಯಿ ಮೀಟರ್. ತೇವ ಶೇಕಡಾ 50ರ ಒಳಗೇ ಇಡುತ್ತೇನೆ. ಕೊಡಗಿನಲ್ಲೂ ಮಳೆ ಇದೆ, ಮೊದಲು ಡಬ್ಬ ತಗೊಳ್ಳಿ, ಕ್ಯಾಮೆರಾ ಆಮೇಲೆ.

ಶಿರಸಿ ಮಾವ
ಅವರು ಕೇಳಿದ್ದು 35 ಸಾವಿರಕ್ಕೆ. ನೀವು ಹೇಳಿದ್ದು 84 ಸಾವಿರ ಮತ್ತು ಒಂದು ಡಬ್ಬ. ಬಾಡಿ ಲೆನ್ಸ್ ಸೇರಿ ಎರಡು ಕಿಲೋ ಮೇಲೆ. ಮುರಿದ ಕೈಯಲ್ಲಿ ಎತ್ತುತ್ತಾರಾ?

ಕರೆ ಬದಿಯವ
ಮೊನೊಪಾಡ್ ಅಂತ ಒಂದು ವಸ್ತು ಇದೆ, ಒಂಟಿ ಕಾಲಿನ ಸ್ಟ್ಯಾಂಡ್, ಭಾರ ಅದೇ ಹೊರುತ್ತದೆ. ಉಪ್ಪಿಟ್ಟಿಗೆ ಮಾತ್ರ ಔಷಧ ಇಲ್ಲ.

ಶಿರಸಿ ಮಾವ
ಶಿರಸಿಯಲ್ಲಿ ಮಳೆ ಕಡಿಮೆಯಾ? ನನ್ನ ಕ್ಯಾಮೆರಾಕ್ಕೆ ಎಂಟು ಮಳೆಗಾಲದಲ್ಲಿ ಒಂದು ಚುಕ್ಕಿ ಬೂಸ್ಟು ಬಂದಿಲ್ಲ. ಯಾಕೆ ಗೊತ್ತಾ? ದಿನಾ ಬಳಸುತ್ತೇನೆ. ವರ್ಷಕ್ಕೆ ನಾಲ್ಕು ತಿಂಗಳು ಬ್ಯಾಗಿನಲ್ಲಿ ಮಲಗಿಸಿ ಮಳೆಯನ್ನು ಬೈದರೆ ಏನು ಬಂತು.

ಕಡಲೆಕಾಯಿ ಸ್ಟ್ಯಾಂಡ್
ಸುಮ್ನೆ ಯಾಕೆ ಜಗಳ. ಕೊಳ್ಳಲೇಬೇಡಿ, ಬಾಡಿಗೆಗೆ ತನ್ನಿ. ನಾನು ಬೆಂಗಳೂರಿನಲ್ಲಿ ಮಗನ ಲೀಗ್ ಕ್ರಿಕೆಟ್‌ಗೆ 150-600 ಎಂಎಂ ಲೆನ್ಸ್ ಬಾಡಿಗೆಗೆ ತಂದೆ, ಬೌಂಡರಿ ಆಚೆಯಿಂದ ಬ್ಯಾಟಿನ ಸ್ಟಿಕ್ಕರ್ ಓದಬಹುದು. ದಿನಕ್ಕೆ 900, ಶನಿವಾರ ಭಾನುವಾರ ಸೇರಿ 1,800. ಆಧಾರ್ ಪ್ರತಿ, 15 ಸಾವಿರ ಡೆಪಾಸಿಟ್. ವಾಪಸ್ ಕೊಡುವಾಗ ಲೆನ್ಸ್ ಮುಂದಿನ ಹುಡ್ ಮೇಲೆ ಗೀರು ಅಂದರು. ಗೀರು ಮೊದಲೇ ಇತ್ತು, ನಾನು ಫೋಟೊ ತೆಗೆದುಕೊಂಡಿರಲಿಲ್ಲ. ಫೋಟೊ ತೆಗೆಯಲಿಕ್ಕೇ ಹೋದವನು ಅದೊಂದು ಫೋಟೊ ತೆಗೆಯಲಿಲ್ಲ ನೋಡಿ. 2,200 ಹಿಡಿದುಕೊಂಡರು. ಎರಡನೇ ಭಾನುವಾರ ಮಗ ಮೊದಲ ಬಾಲಿಗೇ ಔಟ್. 1,800 ರೂಪಾಯಿಗೆ ಅವನು ತಲೆ ತಗ್ಗಿಸಿ ವಾಪಸ್ ನಡೆಯುವ ಹನ್ನೆರಡು ಫೋಟೊ, ಎಲ್ಲ ಶಾರ್ಪ್.

ನೈಟ್ ಮ್ಯಾಚ್ ಹಾಸನ
ಬಾಡಿಗೆ ಹೋಗಿ ಹೋಗಿ ಒಂದು ಲೆನ್ಸಿನ ದುಡ್ಡು ಆಗುತ್ತದೆ ಸಾರ್.

ಕಡಲೆಕಾಯಿ ಸ್ಟ್ಯಾಂಡ್
ಕೂರದ ಲೆನ್ಸ್ ಕೊಂಡವರು ಲೆಕ್ಕ ಹೇಳಿಕೊಡಬೇಡಿ.

ನೈಟ್ ಮ್ಯಾಚ್ ಹಾಸನ
ಮಗ ಡಕ್ ಔಟ್ ಆದ ಸಿಟ್ಟು ನನ್ನ ಮೇಲೆ ಯಾಕೆ?

ನಾಪೋಕ್ಲು ಹಳಬ
ಹಾಕಿ ಅಂತ ನೋಡಿ ಬಂದೆ, ಇಲ್ಲಿ ಕ್ರಿಕೆಟ್ಟು ಕೋಣ ಎಲ್ಲ ಇವೆ. 1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರುಮಾಡಿದಾಗ 60 ತಂಡ. ಆಗ ನಾನು ಫಿಲ್ಮ್ ಕ್ಯಾಮೆರಾದಲ್ಲಿ ಒಂದು ರೋಲಿಗೆ 36 ಫೋಟೊ ತೆಗೆಯುತ್ತಿದ್ದೆ. 2024ರಲ್ಲಿ ನಮ್ಮೂರಲ್ಲೇ ಅದೇ ಹಾಕಿ ಹಬ್ಬ, ಕುಂಡ್ಯೋಳಂಡ ಕಪ್, 360 ತಂಡ. ಆಗ ಕೈಯಲ್ಲಿದ್ದದ್ದು ಕ್ಯಾನನ್ 70ಡಿ, 55-250 ಎಂಎಂ ಎಸ್‌ಟಿಎಂ ಲೆನ್ಸ್. ಬಾಡಿ 22 ಸಾವಿರ, ಲೆನ್ಸ್ 8 ಸಾವಿರ, ಎರಡೂ ಹಳೆಯವು. ಸೇರಿ ಒಂದು ಕಿಲೋ ಚಿಲ್ಲರೆ. ಆ ಸೆನ್ಸಾರ್ ಫಿಲ್ಮಿಗಿಂತ ಚಿಕ್ಕದು, ಅದರ ಮೇಲೆ 250 ಎಂಎಂ ಅಂದರೆ 400 ಎಂಎಂ ಲೆಕ್ಕ. ಮೈದಾನದ ಉದ್ದ 91.4 ಮೀಟರ್, ಅಗಲ 55. ಎದುರು ಗೆರೆಯ ಹತ್ತಿರದ ಆಟಗಾರ ನಿಮ್ಮಿಂದ 60 ಮೀಟರ್ ಇದ್ದರೆ ಚೌಕಟ್ಟಿನಲ್ಲಿ ಐದೂವರೆ ಮೀಟರ್ ಅಗಲ ಬೀಳುತ್ತದೆ. ಚೆಂಡು, ಸ್ಟಿಕ್ಕು, ಇಬ್ಬರು ಹುಡುಗಿಯರು. ಸಾಕು. ಇನ್ನೂ ಹತ್ತಿರ ಎಳೆದರೆ ಚೆಂಡು ಚೌಕಟ್ಟಿನ ಹೊರಗೆ ಓಡುತ್ತದೆ, ಹುಡುಕುವಷ್ಟರಲ್ಲಿ ಗೋಲು.

ಗೋಲ್ ಹಿಂದೆ ಮಾತ್ರ ನಿಲ್ಲಬೇಡಿ. ನಾನು ನಿಂತೆ. ಪೆನಾಲ್ಟಿ ಕಾರ್ನರ್ ಚೆಂಡು ಬಲೆಯ ತೂತಿನಿಂದ ಬಂದು ಮಂಡಿಗೆ ಬಡಿಯಿತು. ಮೂರು ವಾರ ತೋಟಕ್ಕೆ ಹೋಗಲಿಲ್ಲ. ಕಾಫಿ ಕೊಯ್ಲಿನ ಸಮಯ ಅಲ್ಲ, ಪುಣ್ಯ.

ಕರೆ ಬದಿಯವ
55-250 ತುದಿಯಲ್ಲಿ ಎಫ್ 5.6, ಒಳಗೆ ಬರುವ ಬೆಳಕು ಕಡಿಮೆ. ಮೋಡ ಕವಿದರೆ ಮುಗಿಯಿತು.

ನಾಪೋಕ್ಲು ಹಳಬ
ನಮ್ಮ ಹಾಕಿ ಹಬ್ಬ ನಡೆಯುವುದು ಬೇಸಿಗೆಯಲ್ಲಿ. ಕೋಣ ಓಡಿಸುವುದು ರಾತ್ರಿ ಅಂತ ಹಾಕಿಯೂ ರಾತ್ರಿ ಆಡಬೇಕಾ?

ಕರೆ ಬದಿಯವ
ಕೋಣ ಅಂತ ಹಗುರವಾಗಿ ಮಾತಾಡಬೇಡಿ ಮಾರಾಯ್ರೆ. ಕೆಸರಿನಲ್ಲಿ ಆ ಜೋಡಿ ಬರುವ ವೇಗಕ್ಕೆ ಫೋಕಸ್ ಹಿಡಿದವನಿಗೆ ನಿಮ್ಮ ಲೆಫ್ಟ್ ಹಾಫ್ ನಡೆದಾಡಿದ ಹಾಗೆ.

ಕುಶಾಲನಗರದ ಅಮ್ಮ
ನನ್ನ ಮಗಳು ನಡೆದಾಡುವುದಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಒಂದು ಪ್ರಶ್ನೆ. ಹಳೆಯ 70ಡಿ ಒಂದು ಸಿಕ್ಕಿದೆ, ಶಟರ್ ಕೌಂಟ್ (ಇಲ್ಲಿಯವರೆಗೆ ಕ್ಲಿಕ್ ಮಾಡಿದ ಲೆಕ್ಕ) 61 ಸಾವಿರ ಅಂತಾರೆ. ಪರವಾಗಿಲ್ಲವಾ?

ಶಿರಸಿ ಮಾವ
ನನ್ನದರಲ್ಲಿ ನಾನು ಯಾವತ್ತೂ ಎಣಿಸಿಲ್ಲ. ಚೆನ್ನಾಗಿರುವ ಕ್ಯಾಮೆರಾಕ್ಕೆ ಯಾರು ಲೆಕ್ಕ ಇಡುತ್ತಾರೆ.

ಕರೆ ಬದಿಯವ
ನನ್ನದು 1,80,000 ದಾಟಿದೆ. ಇನ್ನೂ ಓಡುತ್ತಿದೆ.

ಕಡಲೆಕಾಯಿ ಸ್ಟ್ಯಾಂಡ್
ನನ್ನ ಸ್ನೇಹಿತನದು 70 ಸಾವಿರಕ್ಕೇ ನಿಂತಿತು, ಮದುವೆ ಮನೆಯಲ್ಲಿ, ಸರಿಯಾಗಿ ತಾಳಿ ಕಟ್ಟುವ ಹೊತ್ತಿಗೆ. ರಿಪೇರಿ 7,500. ಹುಡುಗಿ ಕಡೆಯವರು ಕೊಡಬೇಕಿದ್ದ 20 ಸಾವಿರ ಬಾಕಿ ಇನ್ನೂ ಬಂದಿಲ್ಲ. ಬಾಡಿಗೆಗೆ ತಂದಿದ್ದರೆ...

ನಾಪೋಕ್ಲು ಹಳಬ
ಅಮ್ಮಾ, ಇವರ ಮಾತು ಬಿಡಿ. ಅಂಗಡಿಗೆ ನಿಮ್ಮ ಮೆಮೊರಿ ಕಾರ್ಡ್ ತಗೊಂಡು ಹೋಗಿ. ರಸ್ತೆಯಲ್ಲಿ ಓಡುವ ಸ್ಕೂಟರುಗಳನ್ನು ಐವತ್ತು ಹೊಡೆದು ನೋಡಿ, ಎಷ್ಟು ಶಾರ್ಪ್ ಬಂತು ಎಣಿಸಿ. ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಬೂಸ್ಟು ನೋಡಿ. ಬೂಸ್ಟಿನ ವಿಷಯದಲ್ಲಿ ಮಾತ್ರ ಆ ಕೋಣದವರು ಹೇಳಿದ್ದು ಸರಿ.

ಕರೆ ಬದಿಯವ
ಕಂಬಳದವರು ಅಂತ ಹೇಳಿ.

ನೈಟ್ ಮ್ಯಾಚ್ ಹಾಸನ
ಅಕ್ಕಾ, 70ಡಿ ಬೇಡ ಅನ್ನಿಸಿ ಡಿ5600 ಗಿಡಿ5600 ತಗೊಂಡರೆ ಒಂದು ಮಾತು ಹೇಳಿ. ಆ 70-300 ನನ್ನ ಬೀರುವಿನಲ್ಲೇ ಇದೆ, ಒಂದೇ ಒಂದು ಫೋಟೊ ತೆಗೆದಿಲ್ಲ. 8,500ಕ್ಕೆ ಕೊಡುತ್ತೇನೆ, ಫಿಲ್ಟರ್ ಫ್ರೀ.