ಮೈಸೂರಿನ ವಿದೇಶಿ ವಿದ್ಯಾರ್ಥಿಗಳು: ಕೇಳಿ, ಹೇಳುತ್ತೇನೆ

ಗುಂಪಿನ ಎಲ್ಲರಿಗೂ ನಮಸ್ಕಾರ. ಮೈಸೂರಿನ ವಿದ್ಯಾಸಂಸ್ಥೆಯೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳ ಸಲಹೆಗಾರನಾಗಿ ಬಹಳ ಕಾಲದಿಂದ ಕೆಲಸ ಮಾಡುತ್ತಿದ್ದೇನೆ. ವೀಸಾ, ಹಾಸ್ಟೆಲ್, ಊಟ, ಹಬ್ಬ ಯಾವುದನ್ನು ಬೇಕಾದರೂ ಕೇಳಿ. ವಿದ್ಯಾರ್ಥಿಗಳ ಹೆಸರನ್ನು ಮಾತ್ರ ಇಲ್ಲಿ ಬರೆಯಬೇಡಿ.

ಬೋಗಾದಿಯ ಮನೆ ಮಾಲೀಕರೊಬ್ಬರು: ನಮ್ಮ ಮಹಡಿ ಮನೆಯನ್ನು ಬಾಡಿಗೆಗೆ ಕೇಳಿಕೊಂಡು ಯೆಮನ್ ದೇಶದ ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಬಂದಿದ್ದಾರೆ. ನೋಡಿದರೆ ಸಭ್ಯರು. ಆದರೆ ಮುಂದೆ ನೀವೇ ಪೊಲೀಸ್ ಠಾಣೆಗೆ ಅಲೆಯಬೇಕಾಗುತ್ತದೆ ಎಂದು ಅಕ್ಕಪಕ್ಕದವರು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ಅಲೆಯಬೇಕಾಗಿಲ್ಲ. ವಿದೇಶಿಯರಿಗೆ ಇರಲು ಜಾಗ ಕೊಟ್ಟವರು, ಅದು ಹೋಟೆಲ್ ಆಗಿರಲಿ, ಹಾಸ್ಟೆಲ್ ಆಗಿರಲಿ, ಮನೆಯ ಮಹಡಿಯೇ ಆಗಿರಲಿ, 24 ಗಂಟೆಯೊಳಗೆ ಆ ಮಾಹಿತಿಯನ್ನು ಸರ್ಕಾರದ ಜಾಲತಾಣದಲ್ಲಿ ತುಂಬಬೇಕು. ಜನ ‘ಸಿ ಫಾರ್ಮ್’ ಎಂದು ಕರೆಯುತ್ತಾ ಬಂದಿರುವುದು ಇದನ್ನೇ. ಮನೆಯ ಹೆಸರಿನಲ್ಲಿ ಒಮ್ಮೆ ಖಾತೆ ತೆರೆದರೆ, ಆಮೇಲೆ ಪಾಸ್‌ಪೋರ್ಟ್ ಮತ್ತು ವೀಸಾದ ವಿವರ ನಮೂದಿಸುವುದಷ್ಟೇ ಕೆಲಸ. ಅದರ ಒಂದು ಪ್ರತಿಯನ್ನು ಹುಡುಗರ ಕೈಗೂ ಕೊಡಿ, ವಿದೇಶಿಯರಾಗಿ ಅವರು ಮಾಡಿಸಬೇಕಾದ ನೋಂದಣಿಗೆ ಬೇಕಾಗುತ್ತದೆ. ಬಾಡಿಗೆ ಕರಾರನ್ನು ಬಾಯಿಮಾತಿನಲ್ಲಿ ಮುಗಿಸದೆ ಬರೆಸಿ.

ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಊರಿನವರಿಂದ ಎಷ್ಟು ಮುಂಗಡ ಪಡೆಯುತ್ತೀರೋ ಇವರಿಂದಲೂ ಅಷ್ಟನ್ನೇ ಪಡೆಯಿರಿ. ಪರದೇಶದಿಂದ ಬಂದವರೆಲ್ಲ ದುಡ್ಡಿನ ಕುಳಗಳು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ವಿದ್ಯಾರ್ಥಿವೇತನ ತಡವಾದ ತಿಂಗಳು ಎರಡು ಹೊತ್ತೂ ಬನ್ನು, ಬಾಳೆಹಣ್ಣಿನಲ್ಲಿ ಕಳೆಯುವ ಹುಡುಗರನ್ನು ನಾನು ಬಲ್ಲೆ.

ಖಾಸಗಿ ಕಾಲೇಜೊಂದರ ಕಚೇರಿ ಸಹಾಯಕಿ: ಈ ವರ್ಷ ಮೊದಲ ಬಾರಿಗೆ ನಮ್ಮಲ್ಲಿ ವಿದೇಶಿ ವಿದ್ಯಾರ್ಥಿಗಳು ಸೇರುತ್ತಿದ್ದಾರೆ. ಶುರುವಿನಲ್ಲಿ ಏನೇನು ಮಾಡಿಕೊಡಬೇಕು?

ಉತ್ತರ: ನಿಮ್ಮಂಥ ಕಾಲೇಜುಗಳು ಇನ್ನೂ ಹೆಚ್ಚುತ್ತವೆ. ಮಂಜೂರಾದ ಸೀಟುಗಳ ಮೇಲೆ ಶೇ 25ರಷ್ಟು ಹೆಚ್ಚುವರಿ ಸೀಟುಗಳನ್ನು ವಿದೇಶಿ ವಿದ್ಯಾರ್ಥಿಗಳಿಗೆ ಕೊಡಬಹುದೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೇಳಿತು. ಸೀಟು ಕೊಡುವುದು ಸುಲಭ. ಬಂದ ಮೇಲಿನ ಮೊದಲ ಎರಡು ವಾರ ಕಷ್ಟ.

ವಿದ್ಯಾರ್ಥಿ ವೀಸಾ 180 ದಿನಗಳಿಗಿಂತ ಹೆಚ್ಚಿನದಾದರೆ, ಭಾರತಕ್ಕೆ ಬಂದಿಳಿದ 14 ದಿನಗಳೊಳಗೆ ನೋಂದಣಿಯಾಗಬೇಕು. ಅರ್ಜಿಯನ್ನು ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲೇ ಹಾಕಬಹುದು. ಅದಕ್ಕೆ ಕಾಲೇಜಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅಂದರೆ ನೀವು ಕೊಡುವ ಕಾಗದ. ‘ಪ್ರಾಂಶುಪಾಲರು ಪ್ರವಾಸದಲ್ಲಿದ್ದಾರೆ, ಸೋಮವಾರ ಬನ್ನಿ’ ಎಂದು ನೀವು ಹೇಳಿ ಕಳಿಸುವ ಒಂದೊಂದು ದಿನವೂ ಆ 14ರಲ್ಲೇ ಕಳೆಯುತ್ತದೆ. ಸಹಿ ಹಾಕಲು ಇನ್ನೊಬ್ಬರಿಗೆ ಮೊದಲೇ ಅಧಿಕಾರ ಕೊಡಿಸಿ. ವಿದ್ಯಾರ್ಥಿ ಮನೆ ಬದಲಿಸಿದರೆ ಅದನ್ನೂ ತಿಳಿಸಬೇಕು, ವೀಸಾ ಮುಗಿಯುವ ಮುನ್ನವೇ ವಿಸ್ತರಣೆಗೆ ಅರ್ಜಿ ಹಾಕಬೇಕು. ಇವೆರಡನ್ನೂ ನಿಮ್ಮ ಕ್ಯಾಲೆಂಡರಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ.

ಬ್ಯಾಂಕಿನದು ಇನ್ನೊಂದು ತೊಡಕು. ಸ್ಥಳೀಯ ವಿಳಾಸದ ಪುರಾವೆ ಇಲ್ಲ ಎಂದು ಕೌಂಟರಿನಲ್ಲಿ ವಾಪಸು ಕಳಿಸುತ್ತಾರೆ. ರಿಸರ್ವ್ ಬ್ಯಾಂಕಿನ ನಿಯಮ ಅಷ್ಟು ಕಠಿಣವಾಗಿಲ್ಲ. ಪಾಸ್‌ಪೋರ್ಟ್, ವೀಸಾ, ಭಾವಚಿತ್ರ, ಪ್ರವೇಶ ಪತ್ರ ಇದ್ದರೆ ಎನ್‌ಆರ್‌ಒ ಖಾತೆ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ತೆರೆಯಬಹುದು. ಇಲ್ಲಿನ ವಿಳಾಸದ ದಾಖಲೆಯನ್ನು 30 ದಿನಗಳೊಳಗೆ ಕೊಟ್ಟರೆ ಸಾಕು. ಅಲ್ಲಿಯವರೆಗೆ ಹೊರದೇಶದಿಂದ 1,000 ಡಾಲರ್‌ಗಿಂತ ಹೆಚ್ಚು ಬರುವಂತಿಲ್ಲ, ತಿಂಗಳಿಗೆ 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಪಾಕಿಸ್ತಾನದವರಿಗೆ ಮಾತ್ರ ಮೊದಲೇ ಅನುಮತಿ ಬೇಕು. ಈ ನಿಯಮದ ಪ್ರತಿಯನ್ನು ಹಿಡಿದು ನೀವೇ ಒಮ್ಮೆ ಶಾಖೆಯ ವ್ಯವಸ್ಥಾಪಕರನ್ನು ಕಂಡು ಬನ್ನಿ. ಆಮೇಲೆ ಬರುವವರಿಗೆಲ್ಲ ದಾರಿ ಸಲೀಸಾಗುತ್ತದೆ.

ವಿದ್ಯಾರ್ಥಿ ಸಂಘದ ಸಾಂಸ್ಕೃತಿಕ ಕಾರ್ಯದರ್ಶಿ: ಸರ್, ನಮ್ಮ ಕ್ಯಾಂಪಸ್ಸಿನಲ್ಲಿ ‘ವಿಶ್ವ ಸಂಸ್ಕೃತಿ ದಿನ’ ಮಾಡಬೇಕೆಂದಿದ್ದೇವೆ. ಪ್ರತಿ ದೇಶದವರೂ ಸಾಂಪ್ರದಾಯಿಕ ಉಡುಗೆಯಲ್ಲಿ ಬಂದು ಐದು ನಿಮಿಷ ನೃತ್ಯ ಮಾಡಲಿ ಎಂಬ ಯೋಜನೆ. ಆದರೆ ಯಾರೂ ಹೆಸರು ಕೊಡುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಉತ್ಸಾಹ ನನಗೆ ಇಷ್ಟವಾಯಿತು, ಯೋಜನೆ ಇಷ್ಟವಾಗಲಿಲ್ಲ. ನೀವು ಹೊರದೇಶಕ್ಕೆ ಎಂಜಿನಿಯರಿಂಗ್ ಓದಲು ಹೋಗಿದ್ದೀರಿ ಎಂದಿಟ್ಟುಕೊಳ್ಳಿ. ಮೈಸೂರು ಪೇಟ ಸುತ್ತಿಕೊಂಡು ಐದು ನಿಮಿಷ ಡೊಳ್ಳು ಕುಣಿಯಿರಿ ಎಂದು ಅಲ್ಲಿ ಕೇಳಿದರೆ ಹೆಸರು ಕೊಡುತ್ತೀರಾ? ಡೊಳ್ಳನ್ನು ಹಿಡಿದೇ ಇರದಿದ್ದರೆ? ಅವರಲ್ಲೂ ಬಹುತೇಕರು ಕುಣಿಯಲು ಬಂದವರಲ್ಲ.

ನಾನು ಕಂಡಂತೆ ಈ ಮಕ್ಕಳ ದೊಡ್ಡ ಕೊರತೆ ಬೇರೆ. ವರ್ಷಗಟ್ಟಲೆ ಅವರು ಅತಿಥಿಗಳಾಗಿಯೇ ಉಳಿಯುತ್ತಾರೆ. ಯುಗಾದಿಗೆ ಯಾರದೋ ಮನೆಯಲ್ಲಿ ಒಬ್ಬಟ್ಟು, ಗೌರಿಹಬ್ಬಕ್ಕೆ ಇನ್ಯಾರದೋ ಮನೆಯಲ್ಲಿ ಊಟ, ಎಲ್ಲ ಕಡೆಯೂ ಕೃತಜ್ಞತೆಯ ನಗು. ತಾವೇ ಬಾಗಿಲಲ್ಲಿ ನಿಂತು ‘ಬನ್ನಿ, ಕುಳಿತುಕೊಳ್ಳಿ’ ಎಂದು ನಾಲ್ಕು ಜನರನ್ನು ಕರೆಯುವ ಜಾಗ ಮತ್ತು ಸಂದರ್ಭ ಅವರಿಗೆ ಸಿಗುವುದಿಲ್ಲ. ನಿಮ್ಮ ಸಂಘ ಕೊಡಬಹುದಾದದ್ದು ಅದನ್ನು.

ನಮ್ಮಲ್ಲಿ ಇಥಿಯೋಪಿಯಾದ ವಿದ್ಯಾರ್ಥಿನಿಯೊಬ್ಬಳು ತನ್ನ ದೇಶದ ಹೊಸ ವರ್ಷಕ್ಕೆ, ಅಂದರೆ ಸೆಪ್ಟೆಂಬರ್ 11ಕ್ಕೆ, ಕಾಫಿ ಮಾಡಿಕೊಡುತ್ತೇನೆ ಎಂದಳು. ಹಾಸ್ಟೆಲ್ ಕೊಠಡಿಯಲ್ಲಿ ಒಲೆ ಹಚ್ಚುವಂತಿಲ್ಲ, ಹಾಗಾಗಿ ಊಟದ ಮನೆಯ ಹಿಂದಿನ ಜಗುಲಿಯನ್ನು ಕೊಡಿಸಿದೆವು. ಹಸಿ ಕಾಫಿ ಬೀಜವನ್ನು ತೊಳೆದು, ಕಾವಲಿಯಲ್ಲಿ ಹುರಿದು, ಹೊಗೆ ಏಳುತ್ತಿದ್ದ ಕಾವಲಿಯನ್ನೇ ಹಿಡಿದು ಕುಳಿತವರ ಮುಂದೆಲ್ಲ ಒಮ್ಮೆ ತಂದಳು. ಪರಿಮಳವನ್ನು ಕೈಯಿಂದ ತಮ್ಮ ಕಡೆಗೆ ಎಳೆದುಕೊಳ್ಳಬೇಕು. ಆಮೇಲೆ ಕುಟ್ಟಿ, ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಸುರಿದಳು. ಮೂರು ಸುತ್ತು ಕೊಡುತ್ತಾರೆ, ಮೂರನೆಯದು ಆಶೀರ್ವಾದದ ಸುತ್ತು. ಅದು ಮುಗಿಯುವವರೆಗೆ ಏಳುವುದು ಮರ್ಯಾದೆಯಲ್ಲ. ಹೊಗೆ ಕಂಡು ಗದರಿಸಲು ಬಂದ ಕಾವಲುಗಾರರು ಮೂರನೆಯ ಬಟ್ಟಲಿನವರೆಗೂ ಕುಳಿತಿದ್ದರು. ಅವರ ಊರು ಕೊಡಗಿನ ಗಡಿಯಲ್ಲಿದೆ, ಅವರ ಮನೆಯಲ್ಲೂ ಬೀಜ ಹುರಿಯುತ್ತಿದ್ದರಂತೆ. ಇಬ್ಬರ ನಡುವೆ ಅರ್ಧ ಗಂಟೆ ಮಾತು ನಡೆಯಿತು, ಮುಕ್ಕಾಲು ಪಾಲು ಕೈಸನ್ನೆಯಲ್ಲಿ. ವೇದಿಕೆಯ ಯಾವ ಐದು ನಿಮಿಷದಲ್ಲೂ ನಾನು ಇದನ್ನು ಕಂಡಿಲ್ಲ.

ಹಾಗೆಯೇ ಮಾರ್ಚ್ 20 ಅಥವಾ 21ಕ್ಕೆ ಇರಾನ್, ಅಫ್ಗಾನಿಸ್ತಾನದವರ ಹೊಸ ವರ್ಷವಾದ ನೌರೋಜ್ ಬರುತ್ತದೆ. ಇರಾನಿನವರು ಮೇಜಿನ ಮೇಲೆ ತಮ್ಮ ಲಿಪಿಯ ‘ಸೀನ್’ ಅಕ್ಷರದಿಂದ ಶುರುವಾಗುವ ಏಳು ವಸ್ತುಗಳನ್ನು ಇಡುತ್ತಾರೆ. ಸೇಬು, ಬೆಳ್ಳುಳ್ಳಿ, ವಿನೆಗರ್ ದೇವರಾಜ ಮಾರುಕಟ್ಟೆಯ ಸುತ್ತಮುತ್ತಲೇ ಸಿಕ್ಕಿಬಿಡುತ್ತವೆ. ಗೋಧಿಯ ಮೊಳಕೆಯನ್ನು ತಟ್ಟೆಯಲ್ಲಿ ಮುಂಚೆಯೇ ಬೆಳೆಸಬೇಕು, ಅದಕ್ಕೆ ಬಿಸಿಲು ಬೀಳುವ ಕಿಟಕಿ ಬೇಕು. ಅಫ್ಗಾನಿಸ್ತಾನದವರು ಏಳು ಬಗೆಯ ಒಣಹಣ್ಣು ಮತ್ತು ಬೀಜಗಳನ್ನು ನೀರಿನಲ್ಲಿ ನೆನೆಸಿ, ಆ ಸಿಹಿ ರಸದೊಂದಿಗೇ ಬಟ್ಟಲಿನಲ್ಲಿ ಕೊಡುತ್ತಾರೆ. ಹದಿಮೂರನೆಯ ದಿನ ಮನೆಯಲ್ಲಿ ಕೂರದೆ ಹೊರಗೆ ಹೋಗಿ ಮೊಳಕೆಯನ್ನು ಹರಿಯುವ ನೀರಿಗೆ ಬಿಡುವುದು ಇರಾನಿನ ಪದ್ಧತಿ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಇದ್ದಾಳಲ್ಲ. ಒಂದು ಬಸ್ಸು ಗೊತ್ತು ಮಾಡಿಕೊಡಿ.

ಹಣ ಎಲ್ಲಿಂದ ಎಂದು ಕೇಳುತ್ತೀರಿ. ಧ್ವನಿವರ್ಧಕ, ಹೂವಿನ ಅಲಂಕಾರ, ಗಣ್ಯರ ಶಾಲು ಹಾರಗಳಿಗೆ ಇಟ್ಟ ಮೊತ್ತವನ್ನು ಇಂಥ ನಾಲ್ಕು ಸಂಜೆಗಳಿಗೆ ಹಂಚಿ.

ಅದೇ ಕಾರ್ಯದರ್ಶಿ: ಆದರೆ ಕುಣಿಯಲು, ಹಾಡಲು ನಿಜವಾಗಿಯೂ ಆಸೆ ಇರುವವರೂ ಇದ್ದಾರೆ. ಅವರಿಗೆ?

ಉತ್ತರ: ಅವರನ್ನು ನಿಮ್ಮ ತಂಡದೊಳಗೇ ಸೇರಿಸಿಕೊಳ್ಳಿ. ದಸರಾಕ್ಕೆ ಮುನ್ನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದಲ್ಲ, ಕಾಲೇಜು ತಂಡಗಳದ್ದೇ ಹಬ್ಬ ಅದು. ನಿಮ್ಮ ತಂಡದ ಇಪ್ಪತ್ತು ಜನರಲ್ಲಿ ಟಾಂಜಾನಿಯಾದ ಹುಡುಗನೂ ಒಬ್ಬನಾಗಿ ಕಂಸಾಳೆ ಕಲಿಯಲಿ. ತಿಂಗಳುಗಟ್ಟಲೆ ನಡೆಯುವ ಅಭ್ಯಾಸ, ಅದು ಮುಗಿದ ಮೇಲಿನ ಚುರುಮುರಿ, ರಾತ್ರಿ ಬೈಕಿನಲ್ಲಿ ಹಾಸ್ಟೆಲಿಗೆ ಬಿಡುವುದು, ಗೆಳೆತನ ಹುಟ್ಟುವುದು ಅಲ್ಲಿ.

ಹಾಸ್ಟೆಲ್ ಮೆಸ್ಸಿನ ಮೇಲ್ವಿಚಾರಕರು: ಸಸ್ಯಾಹಾರ, ಮಾಂಸಾಹಾರ ಎರಡೂ ಮಾಡುತ್ತೇವೆ. ಆದರೂ ಕೆಲವರು ತಟ್ಟೆ ಮುಟ್ಟದೆ ಹೋಗುತ್ತಾರೆ.

ಉತ್ತರ: ಯಾವ ವಾರ ಎಂದು ಗಮನಿಸಿ. ಬುಧವಾರ, ಶುಕ್ರವಾರವಾಗಿದ್ದರೆ ಅವರು ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರಿರಬಹುದು. ಆ ಎರಡು ದಿನ ಅವರಿಗೆ ಉಪವಾಸದ ಊಟ, ಈಸ್ಟರ್‌ಗೆ ಮುನ್ನ ಸತತ 55 ದಿನ. ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪವೂ ವರ್ಜ್ಯ. ನೀವು ‘ಶುದ್ಧ ಸಸ್ಯಾಹಾರ’ ಎಂದು ಪ್ರೀತಿಯಿಂದ ಬಡಿಸುವ ಮೊಸರನ್ನವನ್ನೂ ತುಪ್ಪ ಹಾಕಿದ ಪೊಂಗಲನ್ನೂ ಅವರು ಮುಟ್ಟುವಂತಿಲ್ಲ. ಎಣ್ಣೆಯ ಒಗ್ಗರಣೆಯ ಸಾರು, ಪಲ್ಯ, ಚಿತ್ರಾನ್ನ ಇದ್ದರೆ ತೊಂದರೆಯೇ ಇಲ್ಲ.

ರಂಜಾನ್ ತಿಂಗಳಲ್ಲಿ ನಸುಕಿನ ಊಟದ್ದೇ ಸಮಸ್ಯೆ. ಅಡುಗೆಯವರನ್ನು ಮೂರೂವರೆಗೆ ಎಬ್ಬಿಸಬೇಕಾಗಿಲ್ಲ. ರಾತ್ರಿಯೇ ಚಪಾತಿ, ಪಲ್ಯ, ಬಾಳೆಹಣ್ಣು, ಕಾಯಿಸಿದ ಹಾಲನ್ನು ಡಬ್ಬಿಗೆ ಹಾಕಿಟ್ಟರೆ ಆಯಿತು. ಸಂಜೆ ಸೂರ್ಯಾಸ್ತದ ಹೊತ್ತಿಗೆ ಮೆಸ್ಸಿನ ಬಾಗಿಲು ತೆರೆದಿರಲಿ.

ಇನ್ನೊಂದು ಮಾತು. ಆಫ್ರಿಕದವರಿಗೆ ನಮ್ಮ ಮುದ್ದೆ ಸೇರುವುದಿಲ್ಲ ಎಂದುಕೊಂಡು ಅವರ ತಟ್ಟೆಗೆ ಬಡಿಸದೆ ಮುಂದೆ ಹೋಗಬೇಡಿ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನಾಡು, ಅಲ್ಲಿಂದಲೇ ಸಾವಿರಾರು ವರ್ಷಗಳ ಹಿಂದೆ ಅದು ನಮ್ಮಲ್ಲಿಗೆ ಬಂದದ್ದು. ಟಾಂಜಾನಿಯಾ, ಕೆನ್ಯಾದವರು ಮುಸುಕಿನ ಜೋಳದ ಹಿಟ್ಟಿನ ಉಗಾಲಿಯನ್ನು ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿಗೆ ಅದ್ದಿ ತಿನ್ನುವುದನ್ನು ನೋಡಿದರೆ ಮಂಡ್ಯದವರು ಅನ್ನಬೇಕು.

ಸ್ನಾತಕೋತ್ತರ ವಿದ್ಯಾರ್ಥಿನಿ: ನನ್ನ ಸಹಪಾಠಿ ಸುಡಾನಿನವಳು. ದಸರಾ ವಸ್ತುಪ್ರದರ್ಶನಕ್ಕೆ ಕರೆದರೆ ಬರುವುದಿಲ್ಲ. ಕಳೆದ ವರ್ಷ ಜನ ಕೇಳದೆ ಫೋಟೊ ತೆಗೆದರು, ಒಬ್ಬರು ಕೂದಲನ್ನೇ ಮುಟ್ಟಿದರು. ಅವಳಿಗೆ ಏನು ಹೇಳಲಿ?

ಉತ್ತರ: ಅವಳಿಗೆ ಏನೂ ಹೇಳಬೇಡಿ. ‘ಜನ ಕೆಟ್ಟವರಲ್ಲ, ಕುತೂಹಲ ಅಷ್ಟೇ’ ಎಂಬ ಮಾತನ್ನಂತೂ ಹೇಳಲೇಬೇಡಿ, ಅದನ್ನು ಅವಳು ನೂರು ಸಲ ಕೇಳಿರುತ್ತಾಳೆ. ಹೇಳಬೇಕಾದದ್ದು ನಮ್ಮವರಿಗೆ, ಹೇಳಬೇಕಾದವರು ಕನ್ನಡ ಬಲ್ಲ ನೀವು. ಫೋನ್ ಎತ್ತಿದವರ ಮುಂದೆ ನಿಂತು, ‘ಅವರನ್ನು ಕೇಳಿದಿರಾ? ಬೇಡ, ತೆಗೆಯಬೇಡಿ’ ಎಂದು ಗಟ್ಟಿಯಾಗಿ ಹೇಳಿ. ಹತ್ತರಲ್ಲಿ ಒಂಬತ್ತು ಜನ ನಾಚಿ ಹಿಂದೆ ಸರಿಯುತ್ತಾರೆ. ಮೈ ಮುಟ್ಟಿದರೆ ಅದು ಅಪರಾಧ, ಅಲ್ಲಿರುವ ಪೊಲೀಸರನ್ನು ಕರೆಯಿರಿ ಅಥವಾ 112ಕ್ಕೆ ಕರೆ ಮಾಡಿ. ಉತ್ತರ ಕನ್ನಡದ, ಆಫ್ರಿಕ ಮೂಲದ ಸಿದ್ದಿ ಜನರನ್ನೇ, ನಮ್ಮದೇ ಕನ್ನಡಿಗರನ್ನೇ, ‘ಯಾವ ದೇಶ?’ ಎಂದು ಕೇಳುವ ರಾಜ್ಯ ನಮ್ಮದು. ಇದು ನನಗೆ ಬಹಳ ನೋವಿನ ವಿಷಯ.

ಅವಳು ಒಪ್ಪಿದರೆ ಮೊದಲು ಅರಮನೆ ಆವರಣದ ಸಂಗೀತ ಕಛೇರಿಗೆ ಕರೆದುಕೊಂಡು ಹೋಗಿ. ಕುರ್ಚಿಯಲ್ಲಿ ಕುಳಿತಿರುತ್ತೀರಿ, ಎಲ್ಲರ ಕಣ್ಣು ವೇದಿಕೆಯ ಮೇಲಿರುತ್ತದೆ, ಹಿಂದೆ ಅಷ್ಟೂ ದೀಪಗಳು. ಜಂಬೂ ಸವಾರಿಯ ನೂಕುನುಗ್ಗಲು ಈ ವರ್ಷ ಬೇಡ.

ಉಪನ್ಯಾಸಕರು: ನನ್ನ ತರಗತಿಯಲ್ಲೂ ಸುಡಾನಿನ ಹುಡುಗನೊಬ್ಬನಿದ್ದಾನೆ. ಈಚೆಗೆ ತರಗತಿಗೇ ಬರುತ್ತಿಲ್ಲ, ಶುಲ್ಕವನ್ನೂ ಕಟ್ಟಿಲ್ಲ.

ಉತ್ತರ: ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ಅಲ್ಲಿಂದ ಹಣ ಬರುವುದು ಹೋಗಲಿ, ಮನೆಯವರ ಫೋನ್ ಬರುವುದೇ ದುಸ್ತರ. ಹಾಜರಾತಿಯ ನೋಟಿಸು ಕಳಿಸುವ ಮುನ್ನ ದಯವಿಟ್ಟು ಅವನ ಕೊಠಡಿಗೆ ಹೋಗಿ ಬನ್ನಿ. ಮೊದಲು ಮನೆಯವರ ಬಗ್ಗೆ ಕೇಳಿ, ಶುಲ್ಕದ ಮಾತು ಆಮೇಲೆ. ಕಂತುಗಳಲ್ಲಿ ಕಟ್ಟಲು ಅವಕಾಶ ಕೋರಿ ಅರ್ಜಿ ಬರೆಸಿ, ನಿಮ್ಮ ಶಿಫಾರಸು ಜೊತೆಗಿರಲಿ. ಶುಲ್ಕ ಬಾಕಿಯಿದೆ ಎಂದು ವ್ಯಾಸಂಗ ಪ್ರಮಾಣಪತ್ರವನ್ನು ತಡೆಹಿಡಿದರೆ ವೀಸಾ ವಿಸ್ತರಣೆ ನಿಲ್ಲುತ್ತದೆ, ಹುಡುಗ ಹೋಗಲು ಊರೂ ಇಲ್ಲದೆ ಇರಲು ಅನುಮತಿಯೂ ಇಲ್ಲದೆ ಸಿಕ್ಕಿಬೀಳುತ್ತಾನೆ. ಇದನ್ನು ಪ್ರಾಂಶುಪಾಲರಿಗೆ ನೀವೇ ವಿವರಿಸಬೇಕು. ನಿದ್ದೆ ಇಲ್ಲ, ಬದುಕು ಸಾಕು ಎಂಬಂಥ ಮಾತು ಅವನ ಬಾಯಿಂದ ಬಂದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಇಂಗ್ಲಿಷಿನಲ್ಲೂ ಮಾತನಾಡುತ್ತಾರೆ. ನನಗೆ ಇಂದೇ ಖಾಸಗಿಯಾಗಿ ಸಂದೇಶ ಕಳಿಸಿ.

ಗುಂಪಿನ ಸದಸ್ಯರು: ವಿದ್ಯಾರ್ಥಿ ವೀಸಾದಲ್ಲಿ ಅರೆಕಾಲಿಕ ಕೆಲಸ ಮಾಡಬಹುದೇ? ನಮ್ಮ ಕೆಫೆಗೆ ಒಬ್ಬರು ಬೇಕು.

ಉತ್ತರ: ಇಲ್ಲ. ನೀವು ಕೆಲಸ ಕೊಟ್ಟರೆ ಕಷ್ಟಕ್ಕೆ ಸಿಲುಕುವವರು ಅವರು.

ಮಂಡ್ಯದ ಕಾಲೇಜು ಬೋಧಕಿ: ನಮ್ಮಲ್ಲಿ ವಿದೇಶಿ ವಿದ್ಯಾರ್ಥಿಗಳು ಇಬ್ಬರೇ. ಅಷ್ಟಕ್ಕೆ ಕಾರ್ಯಕ್ರಮ ಮಾಡುವುದು ಹೇಗೆ? ನೋಂದಣಿಗೆ ಮೈಸೂರಿಗೆ ಬರಬೇಕೇ?

ಉತ್ತರ: ನೋಂದಣಿಯ ಅರ್ಜಿ ಆನ್‌ಲೈನ್‌ನಲ್ಲೇ. ಏನಾದರೂ ವಿಚಾರಿಸಬೇಕಾದರೆ ನಿಮ್ಮ ಜಿಲ್ಲೆಯ ಎಸ್‌ಪಿ ಕಚೇರಿಯಲ್ಲೇ ವಿದೇಶಿಯರ ವಿಭಾಗವಿದೆ. ಕಾರ್ಯಕ್ರಮದ ಗೋಜು ಬೇಡ. ತಮ್ಮ ದೇಶದವರ ಸಂಗಕ್ಕೆ ಅವರು ಮೈಸೂರಿಗೆ ಬರಲಿ, ರೈಲಿನಲ್ಲಿ ಎಷ್ಟು ಹೊತ್ತು ಬೇಕು? ಹಬ್ಬದ ಸಂಜೆ ಹಾಸ್ಟೆಲ್ ಬಾಗಿಲಿನ ಸಮಯವನ್ನು ಸಡಿಲಿಸಿ, ಕೊನೆಯ ರೈಲಿಗೆ ವಾಪಸಾಗುವವರನ್ನು ಹೊರಗೆ ನಿಲ್ಲಿಸಬೇಡಿ.

ಮಂಡ್ಯದಲ್ಲಿ ಒಂದು ಅನುಕೂಲ ಇದೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ಕನ್ನಡವಿಲ್ಲದೆ ನಡೆಯುವುದಿಲ್ಲವಾದ್ದರಿಂದ ಅವರು ಮೈಸೂರಿನವರಿಗಿಂತ ಬೇಗ ಕನ್ನಡ ಕಲಿಯುತ್ತಾರೆ. ನಿಮ್ಮ ವಿದ್ಯಾರ್ಥಿಗಳಲ್ಲಿ ಯಾರದಾದರೂ ಊರಿನಲ್ಲಿ ಆಲೆಮನೆ ನಡೆಯುತ್ತಿದ್ದರೆ ಒಂದು ದಿನ ಕಳಿಸಿ, ಮೆರವಣಿಗೆ ಇಲ್ಲದೆ, ಗೆಳೆಯರ ಜೊತೆ ಹಾಗೇ. ಕೊಪ್ಪರಿಗೆಯ ಹತ್ತಿರ ಜಾಗ್ರತೆಯಾಗಿರಲು ಹೇಳಿ. ಅಚ್ಚಿಗೆ ಸುರಿಯುವ ಹೊತ್ತಿಗೆ ತಲುಪಿದರೆ ಬಿಸಿ ಬೆಲ್ಲ ಸಿಗುತ್ತದೆ.