ಫ್ರೀಮೇಸನ್ ಸೇರಬೇಕಂತ ಮಾಡೀನಿ, ಆದ್ರ ಇಷ್ಟೊಂದು ಗುಟ್ಟು ಯಾಕ್ ಇಡ್ತಾರ್ರಿ?

ಜೋಳದರೊಟ್ಟಿ_ಶೇಂಗಾಹಿಂಡಿ, ಕಲಬುರಗಿ

ನಮಸ್ಕಾರ್ರಿ. ಪ್ರಶ್ನೆ ಸ್ವಲ್ಪ ವಿಚಿತ್ರ ಅದ, ನಗಬ್ಯಾಡ್ರಿ. ಫ್ರೀಮೇಸನ್ ಅಂದ್ರ ದೀಕ್ಷಾ ತಗೊಂಡು ಸೇರೋ ಒಂದು ಹಳೇ ಸಂಘದೋರು, ಸಣ್ಣಾಗಿ ಮೇಸನ್ ಅಂತಾರ. ಹೈದರಾಬಾದ್‌ನಾಗ ನಮ್ಮ ಕಾಕಾ ಒಬ್ರು ಇದ್ದಾರ, ಸ್ವಂತ ಕಾಕಾ ಅಲ್ಲ ಆದ್ರ ಹಂಗೇ ಅನ್ಕೋರಿ. ಹೋದ ತಿಂಗಳ ಮದಿವಿಗಿ ಬಂದಾಗ ಅವ್ರ ಬೆರಳಾಗಿನ ಉಂಗುರ ನೋಡಿದೆ, ಗೌಂಡಿಗಳ ಮೂಲಿಮಟ್ಟ ಮತ್ತ ಕಂಪಾಸ್ ಒಂದರ ಮ್ಯಾಲ ಒಂದು ಇಟ್ಟಂಗ ಚಿತ್ರ. ಏನ್ ಕಾಕಾ ಇದು ಅಂದೆ. ನಾ ಮೇಸನ್ ಇದ್ದೀನಿ, ನಾವಾಗಿ ಯಾರ್ನೂ ಕರ್ಯಂಗಿಲ್ಲ, ನೀನಾಗಿ ಕೇಳಿದಿ ಅಂತ ಹೇಳ್ಲತ್ತೀನಿ ಅಂದ್ರು. ಒಳಗ ಏನ್ ಮಾಡ್ತೀರಿ ಅಂದ್ರ ನಕ್ಕು ಪಾನ್ ಬಾಯಾಗ ಇಟ್ಕೊಂಡ್ರು, ಮುಗೀತು ಮಾತು.

ನನಗ ಸೇರೋ ಮನಸ್ಸಾಗ್ಯದ. ಮೇಸನ್ರು ತಮ್ಮ ಶಾಖಾಕ್ಕ ಲಾಡ್ಜ್ ಅಂತಾರ, ಮನಿಗಿ ಬಂದು ಹೆಂಡ್ತಿಗಿ ಲಾಡ್ಜ್ ಸೇರ್ತೀನಿ ಅಂದೆ. ನಮ್ಮೂರಾಗ ಲಾಡ್ಜ್ ಅಂದ್ರ ಬಸ್‌ಸ್ಟ್ಯಾಂಡ್ ಮುಂದಿನ ಲಾಡ್ಜ್ ಅಷ್ಟೇ, ಅಕಿ ಮುಖ ನೀವು ನೋಡಬೇಕಿತ್ತು. ಆಮ್ಯಾಲ ಎಲ್ಲಾ ಬಿಡಿಸಿ ಹೇಳಿದೆ, ಅದಕ್ಕ ಅಕಿ ಒಂದೇ ಮಾತ ಕೇಳಿದ್ಳು, ಒಳ್ಳೇದೇ ಮಾಡ್ತಿದ್ರ ಬಾಗಲಾ ಹಾಕ್ಕೊಂಡು ಯಾಕ್ ಮಾಡ್ತಾರ? ನನ್ನ ಹತ್ರ ಉತ್ತರ ಇಲ್ರಿ. ಎಲ್ಲಾ ಯೂಟ್ಯೂಬ್‌ನಾಗೇ ಅದ, ಮತ್ತ ಗುಟ್ಟು ಎಲ್ಲಿ ಉಳೀತು?

ಸುತ್ತಿಗೆ_ಉಳಿ

ನಾನು ಸದಸ್ಯ ಇದ್ದೀನಿ, ಅದನ್ನ ಹೇಳ್ಲಾಕ ಅಡ್ಡಿ ಇಲ್ಲ. ಲಾಡ್ಜ್‌ಗಳ ಮ್ಯಾಲಿನ ಸಂಸ್ಥಾ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ 1961 ರಾಗ ಆಗ್ಯದ, ಆಫೀಸ್ ಅದ, ವೆಬ್‌ಸೈಟ್ ಅದ, ಗುಟ್ಟಿನ ಸಂಘ ಅಲ್ಲ. ಲಾಡ್ಜ್ ಒಳಗ ರಾಜಕಾರಣ, ಧರ್ಮದ ವಾದ ಮಾಡಂಗಿಲ್ಲ. ಗೀತಾ, ಕುರಾನ್, ಬೈಬಲ್ ಎಲ್ಲಾ ಒಂದೇ ಕಡಿ ಇಡ್ತೀವಿ, ಹೊಸಬ ತನ್ನ ಧರ್ಮದ ಗ್ರಂಥದ ಮ್ಯಾಲ ಪ್ರಮಾಣ ಮಾಡ್ತಾನ. ಹೆಣ್ಣಮಕ್ಕಳ್ನ ಸೇರಿಸಂಗಿಲ್ಲ, ನಿಮ್ಮ ಮನಿಯವ್ರು ಅದನ್ನೂ ಕೇಳ್ತಾರ, ತಯಾರಿರ್ರಿ. ಸ್ವಾಮಿ ವಿವೇಕಾನಂದರು ಸನ್ಯಾಸಿ ಆಗೋಕಿಂತ ಮುಂಚೆ 1884 ರಾಗ ಕಲ್ಕತ್ತಾದ ಲಾಡ್ಜಿನಾಗ ಸೇರಿದ್ರು, ಅದನ್ನೂ ಹೇಳ್ರಿ, ಸ್ವಲ್ಪ ತಣ್ಣಗಾಗ್ತಾರ. ನಾವು ಗುಟ್ಟು ಇಡೋದು ಗುರುತಿನ ಶಬ್ದ, ಕೈ ಕೊಡೋ ರೀತಿ, ದೀಕ್ಷಾ ವಿಧಿ ಇಷ್ಟೇ. ಪುಸ್ತಕದಾಗ ಬಂದಿದ್ದಕ್ಕ ನಾ ಹೂಂ ಅನ್ನಂಗಿಲ್ಲ, ಉಹೂಂನೂ ಅನ್ನಂಗಿಲ್ಲ.

ಓದೋ_ಹುಚ್ಚ, ಯಾದಗಿರಿ

ಮ್ಯಾಲಿನವ್ರು ಹೂಂ ಅನ್ನಲಿಲ್ಲಂದ್ರೂ ನಡೀತದ, ಯಾಕಂದ್ರ ಈ ಗುಟ್ಟು ರಟ್ಟಾಗಿ ಮುನ್ನೂರ ವರ್ಷ ಆಗ್ಲಿಕ್ಕ ಬಂತು 😄 ಲಂಡನ್‌ನಾಗ ಮೊದಲ ಗ್ರ್ಯಾಂಡ್ ಲಾಡ್ಜ್ ಆಗಿದ್ದು 1717, ಹದಿಮೂರೇ ವರ್ಷಕ್ಕ 1730 ರಾಗ ಸ್ಯಾಮ್ಯುಯೆಲ್ ಪ್ರಿಚರ್ಡ್ ಅನ್ನಾಂವ ಒಳಗಿನ ಪ್ರಶ್ನೋತ್ತರ ಎಲ್ಲಾ ಛಾಪಿಸಿ ಮಾರಿಬಿಟ್ಟ, ಜನ ಮುಗಿಬಿದ್ದು ತಗೊಂಡ್ರು. ಆದ್ರ ಮೇಸನ್ರು ಮುಚ್ಚಿಹೋದ್ರೇನು, ಇನ್ನೂ ಬೆಳದ್ರು. ನನಗ ಮಜಾ ಅನಿಸೋದು ಇದೇ. ಒಳಗಿನ ಸಾಮಾನು ಬಜಾರಕ್ಕ ಬಂದ್ರೂ ಗುಟ್ಟು ಉಳೀತಂದ್ರ ಗುಟ್ಟು ಆ ಸಾಮಾನಿನಾಗ ಇರ್ಲೇ ಇಲ್ಲ ಅಂತ ಆಯ್ತಲ್ರಿ.

ಒಂದು ಉದಾಹರಣೆ ಕೊಡ್ತೀನಿ, ನೀವು ಖರೇನೇ ಸೇರೋರಿದ್ರ ಈ ಪ್ಯಾರಾ ಬಿಟ್ಟು ಮುಂದ ಓದ್ರಿ. ಹೊಸಬನ ಕಣ್ಣಿಗಿ ಪಟ್ಟಿ ಕಟ್ತಾರ, ಕೊಳ್ಳಾಗ ಹಗ್ಗ ಹಾಕ್ತಾರ, ಎಡಗಡಿ ಎದಿ ಬರಿದು ಮಾಡಿ ಅದಕ್ಕ ಚೂರಿ ಮೊನಿ ತಾಗಸ್ತಾರ. ಅದಕ್ಕೂ ಮುಂಚೆ ಹೊರಗೇ ಉಂಗುರ, ರೊಕ್ಕ, ಲೋಹದ್ದು ಏನದನೋ ಎಲ್ಲಾ ಬಿಚ್ಚಸ್ತಾರ. ಒಳಗ ವಿಧಿ ನಡೀತದ, ಆಮ್ಯಾಲ ಸೀದಾ ಅವನ ಮುಂದ ಬಂದು ಬಡವರಿಗಿ ಏನರ ದಾನ ಮಾಡು ಅಂತ ಕೈ ಒಡ್ತಾರ. ಅಂವ ಕಿಸೆ ತಡಕ್ತಾನ, ಏನೂ ಇಲ್ಲ, ಎಲ್ಲಾರ ಮುಂದ ನಾಚಿ ನಿಲ್ತಾನ. ಆವಾಗ ಹೇಳ್ತಾರ, ನೀನೂ ಬರಿಗೈಲೇ ಬಂದಾಂವ, ಮುಂದ ಕೈ ಬರಿದಾದಾಂವ ಸಿಕ್ರ ಈ ಹೊತ್ತು ನೆನಸ್ಕೊ ಅಂತ. ಈಗ ನೀವು ಓದಿದ್ರಿ, ನಿಮಗೇನಾಯ್ತು? ಏನೂ ಆಗ್ಲಿಲ್ಲ. ಗೊತ್ತಿಲ್ಲದೇ ಕಿಸೆ ತಡಕಿದಾಂವಗ ಆಗಿದ್ದು ನಿಮಗ ಇನ್ನ ಆಗಂಗೂ ಇಲ್ಲ. ಅದಕ್ಕೇ ಬಾಗಲಾ ಹಾಕೋದು.

ಹೈದರಾಬಾದ್‌ನಾಗ ಗೋಶಾಮಹಲ್ ಬಾರಾದರಿ ನಿಜಾಮನ ಕಾಲದಿಂದ ಮೇಸನ್ರ ಜಾಗಾ. ಉತ್ತರದ ಕಡಿ ಜನ ಇವರ ಲಾಡ್ಜಿಗಿ ಜಾದೂಘರ್ ಅಂತಿದ್ರು. ಬಾಗಲಾ ಹಾಕಿದ್ರ ಹೊರಗಿನ ಜನ ದೆವ್ವ ಮಾಡೇ ಮಾಡ್ತಾರ.

ಹಾಸ್ಟೆಲ್_ಕಂಡಾಂವ

ಎಲ್ಲಾರೂ ಚಂದ ಚಂದ ಬರದೀರಿ, ನಂದು ಸ್ವಲ್ಪ ಖಾರ ಅದ. ನಾ ಫಸ್ಟ್ ಇಯರ್ ಇದ್ದಾಗ ಹಾಸ್ಟೆಲ್‌ನಾಗ ರಾತ್ರಿ ಒಂದು ಗಂಟೆಗಿ ಎಬ್ಬಸಿ ಟೆರೇಸ್ ಮ್ಯಾಲ ಬನಿಯನ್ ಮ್ಯಾಲ ನಿಲ್ಲಿಸಿದ್ರು, ಡಿಸೆಂಬರ್ ಥಂಡಿ, ಬಕೆಟ್ ನೀರು ತಲಿಮ್ಯಾಲ. ಮುಗದ ಮ್ಯಾಲ ಒಬ್ಬ ಸೀನಿಯರ್ ತಾನೇ ಟವೆಲ್ ಕೊಟ್ಟು ಚಾ ಕುಡಿಸಿ ಯಾರಿಗೂ ಹೇಳಬ್ಯಾಡ ತಮ್ಮಾ, ಇವತ್ತಿಂದ ನೀ ನಮ್ಮಾಂವ ಅಂದ. ನಾಚಿಕಿ ಬಿಟ್ಟು ಹೇಳ್ತೀನಿ, ಆ ಚಾ ಕುಡಿಯೋವಾಗ ನನಗ ಖುಷಿ ಆಗಿತ್ತು. ಮುಂದಿನ ವರ್ಷ ಬಕೆಟ್ ನನ್ನ ಕೈಯಾಗಿತ್ತು. ಒಬ್ಬ ಹುಡುಗ ಊರಿಗಿ ಹೋದಾಂವ ವಾಪಸ್ಸೇ ಬರ್ಲಿಲ್ಲ.

ಆಮ್ಯಾಲ ಓದಿದೆ, 1959 ರಾಗ ಆರನ್ಸನ್ ಮತ್ತ ಮಿಲ್ಸ್ ಅನ್ನೋರು ಪ್ರಯೋಗ ಮಾಡಿದ್ರಂತ, ಒಂದು ಗುಂಪಿಗಿ ಸೇರ್ಲಾಕ ಜಾಸ್ತಿ ನಾಚಿಕಿಪಟ್ಟೋರು ಆ ಗುಂಪಿನ ಸಪ್ಪನ ಚರ್ಚೆನೇ ಭಾಳ ಚಲೋ ಅದ ಅಂದ್ರಂತ. ನಂದೂ ಅದೇ ಕಥಿ. ಮೇಸನ್ರೇನು ಸಾಚಾ ಅಲ್ರಿ, 1826 ರಾಗ ಅಮೆರಿಕಾದಾಗ ವಿಲಿಯಂ ಮಾರ್ಗನ್ ಗುಟ್ಟು ಛಾಪಸ್ತೀನಿ ಅಂದಿದ್ದಕ್ಕ ಅವನ್ನ ಎತ್ಕೊಂಡು ಹೋದ್ರು, ಪತ್ತಾನೇ ಆಗ್ಲಿಲ್ಲ, ಆ ಸಿಟ್ಟಿಗಿ ಮೇಸನ್ರ ವಿರುದ್ಧ ಒಂದು ಪಕ್ಷನೇ ಹುಟ್ಟಿತು. ನಾಲಿಗಿ ಕೀಳ್ತೀವಿ, ಗಂಟಲಾ ಕೊಯ್ತೀವಿ ಅನ್ನೋ ಮಾತು ಪ್ರಮಾಣದಾಗ ಇದ್ದವು, ಇಂಗ್ಲೆಂಡ್‌ನವ್ರು ಅದನ್ನ ತಗದಿದ್ದು 1986 ರಾಗ. ಹೇಳಬ್ಯಾಡ ಅನ್ನೋದು ಯಾರನ್ನ ಕಾಯ್ತದ ನೋಡ್ರಿ. ಒಳಗ ಬಂದಾಂವನ್ನ ಕಾಯ್ತದೋ, ಬಕೆಟ್ ಹಿಡದಾಂವನ್ನೋ?

ಏಕತಾರಿ_ಮೊಮ್ಮಗ, ಅಫಜಲಪುರ ಕಡಿ

ನಮ್ಮ ಮುತ್ಯಾ ಬೋಧ ತಗೊಂಡಿದ್ದ, ಅಂದ್ರ ಗುರು ಕಿವ್ಯಾಗ ಹೇಳೋ ಉಪದೇಶ. ನಮ್ಮ ಕಡಿ ತತ್ವಪದ ಹಾಡೋರಾಗ ಇದು ಅದರಿ, ಕಡಕೋಳ ಮಡಿವಾಳಪ್ಪನೋರ ಪದ ಹಾಡೋ ಮ್ಯಾಳದಾಗ ಜಾತಿ ಕೇಳಂಗಿಲ್ಲ, ಆದ್ರ ಗುರುವಿನ ಕಡಿಂದ ಬೋಧ ಆಗ್ಯದೋ ಇಲ್ಲೋ ಅಂತ ಕೇಳ್ತಾರ. ಅಮಾಸಿ ರಾತ್ರಿ ಮಠದ ಹಿಂದಿನ ಕೋಣ್ಯಾಗ ಹೋದ, ಬೆಳಗಾಮುಂಜಾನಿ ಬಂದ, ಆಯಿ ರೊಟ್ಟಿ ಬಡೀತಿದ್ಳು, ಕಿವ್ಯಾಗ ಏನ್ ಹೇಳಿದ್ರು ಅಂತ ಕೇಳಿದ್ಳು. ಮುತ್ಯಾ ಒಲಿ ಮುಂದ ಕುಂತು ಬೂದಿ ಕೆದರಕೋತ, ಹೇಳಿದ್ರ ಮಾತಾಗ್ತದ ಅಂದ. ಅಷ್ಟೇ. ಆಯಿ ಸಾಯೋತನಾ ಇದನ್ನ ಬೈಕೋತ ಹೇಳ್ತಿದ್ಳು, ಐವತ್ತ ವರ್ಷ ಸಂಸಾರ ಮಾಡೀನಿ ಒಂದು ಮಾತ ಹೇಳ್ಲಿಲ್ಲ ನೋಡು ಅಂತ.

ನಾ ಕೇಳಿದ್ರೂ ಹೇಳ್ಲಿಲ್ಲ. ಆದ್ರ ರಾತ್ರಿ ಕಟ್ಟಿ ಮ್ಯಾಲ ಕುಂತು ಹಾಡ್ತಿದ್ದ ಪದದಾಗೆಲ್ಲಾ ಅದೇ ಇತ್ತು ಅಂತ ಈಗ ಅನಸ್ತದ. ಓಣಿಗೆಲ್ಲಾ ಕೇಳ್ತಿತ್ತು, ಯಾರಿಗೂ ತಿಳೀತಿರ್ಲಿಲ್ಲ. ಅಲ್ಲಮನ ಬೆಡಗಿನ ವಚನ, ಒಗಟಿನಂಥವು, ಹಂಗೇ ಅಲ್ಲೇನ್ರಿ, ಎಲ್ಲಾರ ಮುಂದ ಇಟ್ಟಾರ, ಆದ್ರೂ ಕೀಲಿ ಬ್ಯಾರೇ ಕಡಿ.

ಜಿರಾ_ನೀರು, ಬೀದರ್

ಎಲ್ಲಾರೂ ಕಿವಿ, ಕೋಣಿ, ಬಾಗಲಾ ಅಂತೀರಿ, ನಮ್ಮೂರಿಂದು ಒಂದು ಕೇಳ್ರಿ. 1699 ರಾಗ ಪಂಜಾಬಿನ ಆನಂದಪುರದಾಗ ಸಿಖ್ಖರ ಗುರು ಗೋಬಿಂದ್ ಸಿಂಗ್‌ರು ಕತ್ತಿ ಹಿಡದು ಸಾವಿರಾರು ಜನರ ಮುಂದ ಯಾರು ತಲಿ ಕೊಡ್ತೀರಿ ಅಂತ ಕೇಳಿದಾಗ ಎದ್ದ ಐದು ಮಂದ್ಯಾಗ ಒಬ್ರು ಬೀದರ್‌ನೋರು, ಭಾಯಿ ಸಾಹಿಬ್ ಸಿಂಗ್, ಕ್ಷೌರಿಕ ಮನಿತನದೋರು. ಜನವಾಡದಾಗ ಅವ್ರ ಹೆಸರಿಲೆ ಗುರುದ್ವಾರ ಅದ, ಬಂದ್ರ ನೋಡ್ರಿ. ಅಮೃತ, ಅಂದ್ರ ಸಿಖ್ಖರ ದೀಕ್ಷಾದ ಸಿಹಿನೀರು, ಕೊಟ್ಟಿದ್ದು ಎಲ್ಲಾರ ಎದುರಿಗೇ, ಆಮ್ಯಾಲ ಗುರುಗಳೇ ಆ ಐದು ಮಂದಿ ಕೈಲೆ ಅಮೃತ ತಗೊಂಡ್ರು. ಗುಟ್ಟೇ ಇಲ್ಲದ ದೀಕ್ಷಾ ಅಂತ ನಾ ವಾದ ಮಾಡೋನಿದ್ದೆ, ಆದ್ರ ಬರೀತ ಬರೀತ ನೆನಪಾಯ್ತು, ಒಬ್ಬೊಬ್ಬರನ್ನ ಮೊದಲ ಡೇರೆ ಒಳಗ ಕರಕೊಂಡು ಹೋಗಿದ್ರು, ಹೊರಗಿನೋರಿಗಿ ಕಂಡಿದ್ದು ರಕ್ತ ಹತ್ತಿದ ಕತ್ತಿ ಮಾತ್ರ. ಅಲ್ಲೂ ಒಂದು ಪರದಾ ಇತ್ತು ನೋಡ್ರಿ. ನನ್ನ ವಾದ ನಾನೇ ಕೆಡಿಸ್ಕೊಂಡೆ 🙏

ಜೋಳದರೊಟ್ಟಿ_ಶೇಂಗಾಹಿಂಡಿ

ಎಲ್ಲಾರ್ಗೂ ಧನ್ಯವಾದ್ರಿ. ಯಾದಗಿರಿ ಅಣ್ಣಾವ್ರು ಬಿಡ್ರಿ ಅಂದ ಪ್ಯಾರಾ ನಾ ಮೊದಲೇ ಓದಿದೆ, ಈಗ ಕಿಸೆ ತಡಕೋ ನಾಟಕ ಮಾಡಬೇಕೇನೋ. ಹಾಸ್ಟೆಲ್ ಅಣ್ಣನ ಮಾತು ನಿದ್ದಿ ಕೆಡಿಸ್ತು. ನಿನ್ನೆ ಕಾಕಾಗ ಫೋನ್ ಹಚ್ಚಿ, ಒಳಗ ಏನಾಗ್ತದ ಅಂತ ಕೇಳಂಗಿಲ್ಲ, ನಡುವ ಬ್ಯಾಡ ಅನಿಸಿದ್ರ ಎದ್ದು ಬರಬಹುದಾ, ಅಲ್ಲಿ ಯಾರರ ತಪ್ಪು ಮಾಡಿದ್ರ ಪೊಲೀಸರಿಗಿ ಹೇಳಬಹುದಾ ಅಂದೆ. ಪ್ರಮಾಣಕ್ಕಿಂತ ಮುಂಚೆ ಸ್ವಂತ ಇಚ್ಛೆಯಿಂದ ಬಂದೀ ಏನು ಅಂತ ಕೇಳೇ ಕೇಳ್ತಾರ, ಎರಡನೇದಕ್ಕೂ ಹೌದು ಅಂದ್ರು. ಫೋನ್ ಸ್ಪೀಕರ್ ಮ್ಯಾಲಿತ್ತು, ಹೆಂಡ್ತಿ ಬಾಜೂಕೇ ಕೊತ್ತಂಬ್ರಿ ಬಿಡಿಸ್ಲತ್ತಿದ್ಳು. ಅಕಿ ತಲಿ ಎತ್ತದೇ ಅಂದ್ಳು, ಆಯ್ತು ಹೋಗ್ರಿ, ವಾಪಸ್ ಬರೋ ರೈಲು ಎಷ್ಟಕ್ಕದ ಅದರ ಹೇಳ್ತೀರೋ ಅದೂ ಗುಟ್ಟೇನೋ.